ಎಡಕ್ಕೆ ಸುತ್ತಿದ ಡಿಎನ್‌ಎ

ಗಂಗಾವತಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕ ನಾನು. ಡಿಎನ್‌ಎ ತಿರುಚಿದ ಏಣಿಯಂತಿದೆ ಎಂದು ಹೇಳಿದ ದಿನ ಎಲ್ಲರೂ ಸುಮ್ಮನಿರುತ್ತಾರೆ. ಅದು ಅಡ್ಡಾದಿಡ್ಡಿಯಾಗಿಯೂ ಮಡಚಿಕೊಳ್ಳುತ್ತದೆ ಎಂದ ದಿನ ಮಾತ್ರ ಏನಾದರೊಂದು ಆಗದೆ ಬಿಡುವುದಿಲ್ಲ.

ನಾಲ್ಕೆಳಿ

ಡಿಎನ್‌ಎ ಯಾವಾಗಲೂ ಎರಡೆಳೆಯ ಹುರಿಯಲ್ಲ, ಕೆಲವು ಕಡೆ ನಾಲ್ಕೆಳೆಯ ಗಂಟಾಗುತ್ತದೆ; ಜೀನ್ ಶುರುವಾಗುವ ಜಾಗದಲ್ಲಿ ಇಂಥ ಗಂಟು ಜಾಸ್ತಿ; ಆ ಜೀನನ್ನು ಎಷ್ಟು ಓದಬೇಕು ಎಂಬುದರಲ್ಲಿ ಅದರ ಕೈವಾಡ ಇರಬಹುದು ಎಂದು ಪಾಠ ಮಾಡಿದೆ. ಮರಳಿ ಹಳ್ಳಿಯಿಂದ ಬರುವ ಹುಡುಗಿ ಎದ್ದು ನಿಂತಳು.

"ಸರ್, ಪರೀಕ್ಷಾದಾಗ ಎಷ್ಟೆಳಿ ಬರೀಬೇಕ್ರಿ?"

"ಎರಡ ಬರಿಯವ್ವಾ."

"ಮತ್ತ ಜೀವಕೋಶದಾಗ ನಾಲ್ಕೂ ಇರತಾವಂದ್ರಿ?"

"ಇರತಾವ."

"ಅದಕ್ಕೇನ್ರಿ, ಅದು ಪರೀಕ್ಷಾ ಬರಿಯಂಗಿಲ್ಲ" ಎಂದು ಕುಳಿತಳು.

ಬಾಗಲದಾಗ ಕುಂತಾಂವ

ತಳಕಲ್ಲಿನಿಂದ ಮಾವ ಬಂದಿದ್ದರು. "ಏನ ಓದಾಕತ್ತೀರಿ ಅಳಿಯಂದ್ರ?" ಎಂದರು. ಅದೇ ಗಂಟಿನ ವಿಷಯ ಹೇಳಿದೆ. ಜೀನ್ ಓದುವ ಯಂತ್ರಕ್ಕೆ ಅದು ಒಮ್ಮೆ ಅಡ್ಡ ನಿಲ್ಲುತ್ತದೆ, ಒಮ್ಮೆ ನೆರವಿನ ಪ್ರೋಟೀನುಗಳನ್ನು ಕರೆದು ಕೆಲಸ ಜೋರು ಮಾಡಿಸುತ್ತದೆ, ಯಾವಾಗ ಏನು ಎಂಬುದು ವಿಜ್ಞಾನಿಗಳಿಗೂ ಪೂರ್ತಿ ತಿಳಿದಿಲ್ಲ ಎಂದೆ.

ಮಾವ ಎಲೆಅಡಿಕೆ ದವಡೆಗೆ ಸರಿಸಿದರು. "ನಮ್ಮ ಪಂಚಾಯ್ತಿ ಬಾಗಲದಾಗೂ ಹಂತಾಂವ ಒಬ್ಬ ಕುಂತಾನ. ಒಮ್ಮೆ ಒಳಗ ಬಿಡಂಗಿಲ್ಲ, ಒಮ್ಮೆ ತಾನ ಕೈ ಹಿಡಿದು ಕರಕೊಂಡು ಹೋಗ್ತಾನ. ಇದಕ್ಕ ವಿಜ್ಞಾನಿ ಯಾಕ ಬೇಕ್ರಿ? ಚಹಾ ಕುಡಿಸ್ರಿ, ಗೊತ್ತಾಗತೈತಿ."

ತಿರುವಾಮುರುವಾ

ತಪಾಸಣಾ ಸಮಿತಿ ಬರುವುದಿತ್ತು. ವಿದ್ಯಾರ್ಥಿಗಳು ವೈರು, ಮಣಿ ಸೇರಿಸಿ ಎಡಕ್ಕೆ ಸುತ್ತುವ ಡಿಎನ್‌ಎ ಮಾದರಿ ಮಾಡಿದ್ದರು. ಚಂದ ಕಂಡಿತೆಂದು ಪ್ರಿನ್ಸಿಪಾಲರು ಅದನ್ನು ತಮ್ಮ ಕೋಣೆಯಲ್ಲೇ ಇರಿಸಿಕೊಂಡರು. ಸಮಿತಿ ಬರುವ ಬೆಳಿಗ್ಗೆ ನನ್ನನ್ನು ಕರೆಸಿದರು.

"ಪುಸ್ತಕದಾಗ ಬಲಕ್ಕ ಸುತ್ತೈತಿ, ನಿಮ್ಮದು ಎಡಕ್ಕ ಐತಿ. ಮಾನ ಕಳೀತೀರೇನು?"

"ಎಡಕ್ಕ ಸುತ್ತಿದ್ದೂ ಇರತೈತ್ರಿ ಸರ್."

"ನನಗ ಹೇಳಬ್ಯಾಡ್ರಿ" ಎಂದು ಮಾದರಿಯನ್ನು ತಲೆಕೆಳಗು ಮಾಡಿದರು. ಆಗಲೂ ಎಡಕ್ಕೇ ಇತ್ತು. ಮತ್ತೆ ತಿರುವಿದರು. ಸುರುಳಿಯನ್ನು ಹೇಗೆ ನಿಲ್ಲಿಸಿದರೂ ಸುತ್ತು ಬದಲಾಗದು ಎನ್ನಲು ನನಗೆ ಧೈರ್ಯ ಬರಲಿಲ್ಲ; ಮುಂದಿನ ವರ್ಷ ನನ್ನನ್ನು ಇಟ್ಟುಕೊಳ್ಳುವುದು ಬಿಡುವುದು ಅವರ ಕೈಯಲ್ಲಿತ್ತು. ಅವರು ಬೆವರುತ್ತ ಅದನ್ನು ಮಗ್ಗುಲಿಗೆ ಮಲಗಿಸುತ್ತಿದ್ದಾಗ ಸಮಿತಿ ಒಳಗೆ ಬಂತು.

ಅಧ್ಯಕ್ಷರು ಕನ್ನಡಕ ಏರಿಸಿದರು. "ಇದು ಎಡಕ್ಕ ಯಾಕ ಸುತ್ತೈತಿ?"

ಪ್ರಿನ್ಸಿಪಾಲರು ನನ್ನತ್ತ ಕೈ ತೋರಿಸಿದರು. "ಇವರ ಮಾಡಿಸ್ಯಾರ್ರಿ."

ನಾನು ಹೇಳಿದೆ: "ಜೀನ್ ಓದೋ ಕೆಲಸ ಜೋರ ನಡೆದಾಗ ಓದೋ ಯಂತ್ರದ ಹಿಂದಿನ ಹುರಿ ಸಡ್ಲ ಬೀಳತೈತ್ರಿ. ಆಗ ಅಲ್ಲಿ ಒಂದೊಂದ ಸಲ ಹಿಂಗ ಎಡಕ್ಕ ಹೊರಳತೈತಿ."

"ಭಾಳ ಛಲೋ ಮಾಡಿಸೀರಿ. ಅಂದ್ರ ಕೆಲಸ ನಡಿಯೋ ಕಡೆ ಇದು ಕಾಣತೈತಿ?"

"ಹೆಚ್ಚಾಗಿ ಹೌದ್ರಿ."

ಪ್ರಿನ್ಸಿಪಾಲರ ಮುಖ ಅರಳಿತು. "ನಾನ ಹೇಳಿ ಮಾಡಿಸೀನ್ರಿ ಸರ್."

ಅಧ್ಯಕ್ಷರು ಅವರ ಖಾಲಿ ಮೇಜನ್ನು ಒಮ್ಮೆ ನೋಡಿದರು. "ಮತ್ತ ನಿಮ್ಮ ಕೋಣ್ಯಾಗ ಯಾಕ ಇಟ್ಟೀರಿ?"