ಎರೆಮಣ್ಣಿನ ಬಾಸ್ಕೆಟ್‌ಬಾಲ್ ಕೋಚ್

ಇದೆಲ್ಲ ನಡೆದದ್ದು ಹೀಗೆಯೇ ಎಂದು ನಾನು ಆಣೆ ಮಾಡಲಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಸಾಕ್ಷಿ ಕೇಳುವ ಚಟ ನನ್ನ ನೆನಪನ್ನೂ ಬಿಟ್ಟಿಲ್ಲ. ಆದರೂ ಜೇವರ್ಗಿಯ ನಮ್ಮ ಸೋದರಮಾವನಂಥ ಕೋಚ್ ಜಗತ್ತಿನಲ್ಲಿ ಮತ್ತೊಬ್ಬನಿಲ್ಲ. ಚೆಂಡು ಪುಟಿಸದೆ ಬಾಸ್ಕೆಟ್‌ಬಾಲ್ ಆಡಿಸಿದ ಮಹಾನುಭಾವ ಇನ್ಯಾರಿದ್ದಾರೆ, ಹೇಳಿ!

ಮಾವ ಮೂಲತಃ ಕಬಡ್ಡಿಯವನು. ಎಪ್ಪತ್ತರ ದಶಕದಲ್ಲಿ, ಅವನು ಆಟದ ಮಾಸ್ತರನಾಗಿದ್ದ, ನಾನು ಓದುತ್ತಿದ್ದ ಕಾಲೇಜಿಗೆ ಎಲ್ಲಿಂದಲೋ ಒಂದು ಬಾಸ್ಕೆಟ್‌ಬಾಲ್ ಬಂತು, ಮಾವ ಕೋಚ್ ಆದ. ಅಂಕಣ? ಕಾಲೇಜಿನ ಹಿಂದಿನ ಎರೆಹೊಲ! ಆ ಕರಿಮಣ್ಣಿಗೆ ಬಿದ್ದ ಚೆಂಡು ದೊಪ್ಪನೆ ಕೂತೇಬಿಡುತ್ತಿತ್ತು.

“ಬಡಿದ್ರ ಮ್ಯಾಲ ಏಳವಲ್ದು ಮಾಮಾ,” ಎಂದೆ.

“ಹಂಗಾರ ಬಡೀಬ್ಯಾಡ್ರಲೇ! ಕೈಯಿಂದ ಕೈಗೆ ಒಗೀರಿ. ನೆಲದ ಮ್ಯಾಲ ಏನು ಸಿಟ್ಟದ ನಿಮಗ?”

ಹೀಗೆ ಕಲಿತ ನಾವು ಗುಲ್ಬರ್ಗಾದ ಸಿಮೆಂಟ್ ಅಂಕಣಕ್ಕೆ ಇಳಿದಾಗ, ಕೈತಪ್ಪಿದ ಚೆಂಡು ಎದೆಮಟ್ಟ ಎದ್ದು ಬಂದದ್ದನ್ನು ಕಂಡು ನಮ್ಮ ಕ್ಯಾಪ್ಟನ್ ಹಾವು ಕಂಡವನಂತೆ ಹಾರಿದ. ವರ್ಷ ವರ್ಷವೂ ಸೋತೆವು. ಕೊನೆಗೆ ಪ್ರಿನ್ಸಿಪಾಲರು, “ಈ ಸಲ ಒಂದಾದ್ರೂ ಮ್ಯಾಚ್ ಗೆಲ್ರಿ ಮಾಸ್ತರ. ಇಲ್ಲಂದ್ರ ಟೀಮ್ ಬಂದ್, ನೀವು ಲೈಬ್ರರಿಗಿ,” ಎಂದರು. ಪುಸ್ತಕ ಕಂಡರೆ ಆಕಳಿಸುವ ಮಾವನಿಗೆ ಅದು ಕರಿನೀರಿನ ಶಿಕ್ಷೆ!

ಆ ವರ್ಷದ ಕೊನೆಯ ಪಂದ್ಯ ನಮ್ಮ ಎರೆಹೊಲದಲ್ಲೇ, ಅಫಜಲಪುರದ ಕಾಲೇಜಿನ ಜೊತೆ. ಬಸ್ಸಿನಿಂದ ಇಳಿದವರು ನಾಲ್ವರೇ.

“ಐದನ್ಯಾವ ಎಲ್ಲೋ?” ಎಂದ ಮಾವ.

“ನಡುವ ಚಹಾ ಕುಡ್ಯಾಕ ಇಳದಿದ್ದ್ರಿ ಸರ್, ಬಸ್ ಬಿಟ್ಟೇಬಿಡ್ತು. ಅವನ್ನ ಹುಡ್ಕಾಕ ನಮ್ಮ ಕೋಚ್ ಸರೂ ಮುಂದಿನ ಸ್ಟಾಪಿಗಿ ಇಳದ್ರಿ.”

ಐವರಿಲ್ಲದೆ ಆಟ ಶುರುವಾಗುವಂತಿಲ್ಲ. ಆಡದೆಯೇ ಗೆಲುವು! ನಾವು ಕುಣಿದಾಡಿದೆವು. ಮಾವ ಮಾತ್ರ ಬೆಂಚು ಕಾಯುತ್ತಿದ್ದ ನನ್ನ ಕೊರಳಪಟ್ಟಿ ಹಿಡಿದು ಆ ಕಡೆ ನೂಕಿದ.

“ಇವತ್ತ ನೀ ಅಫಜಲಪುರದವ.”

“ಮಾಮಾ, ನಿನ್ನ ಲೈಬ್ರರಿಗಿ ಹಾಕ್ತಾರ!”

“ಹುಡುಗ್ರು ಬಸ್ಸಿನ್ಯಾಗ ನಿಂತು ಬಂದಾರಲೇ. ಆಡಸಲಾರದೆ ಕಳಸ್ಲೇನು?”

ಅತಿಥಿಗಳು ಚೆಂಡು ನೆಲಕ್ಕೆ ಬಡಿದು ಮುಂದೆ ಓಡಿದರು. ಚೆಂಡು ಹಿಂದೆಯೇ ಉಳಿಯಿತು! ಮಾವ ಅತ್ತ ಓಡಿ, “ಬಡೀಬ್ಯಾಡ್ರೋ, ಒಗೀರಿ!” ಎಂದು ಅವರಿಗೆ ಪಾಠ ಹೇಳಿದ, ಇತ್ತ ಓಡಿ ನಮ್ಮವರನ್ನು ಬೈದ. (ಇಷ್ಟನ್ನು ಆಮೇಲೆ ನಾನೇ ಕಟ್ಟಿಕೊಂಡೆನೋ ಏನೋ.) ಕೊನೆಯ ನಿಮಿಷದಲ್ಲಿ ಅಂಕ ಸಮಸಮ. ಜನ್ಮದಲ್ಲಿ ರಿಂಗಿನೊಳಗೆ ಚೆಂಡು ಹಾಕದ ನನ್ನ ಕೈಗೆ ಚೆಂಡು ಬಂತು. ಬೇಕೆಂದೇ ತಪ್ಪಿಸೋಣವೆಂದು ಮಾವನ ಕಡೆ ನೋಡಿದೆ.

“ನನ್ನ ಮಾರಿ ಏನು ನೋಡ್ತೀಲೇ? ರಿಂಗ್ ನೋಡು!”

ಒಗೆದೆ. ಬಿತ್ತು.

ಮುಂದಿನ ವಾರ ಮಾವ ಲೈಬ್ರರಿಯಲ್ಲಿದ್ದ, ನಿವೃತ್ತಿಯವರೆಗೂ ಅಲ್ಲೇ. ಮದುವೆಮನೆಗಳಲ್ಲಿ ನಾವೆಲ್ಲ “ಒಂದೂ ಗೆಲ್ಲಲಾರದ ಕೋಚ್ ಸಾಹೇಬ್ರು ಬಂದ್ರು!” ಎಂದು ಕಾಡಿದರೆ, ಹೌದೆಂದು ತಲೆಯಾಡಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದ.

ಅವನು ತೀರಿಕೊಂಡ ಮೇಲೆ ಅಫಜಲಪುರಕ್ಕೆ ಹೋಗಿ ಆ ಪಂದ್ಯದ ಸ್ಕೋರ್ ಹಾಳೆ ಹುಡುಕಿಸಿದೆ. ಕಥೆಯಲ್ಲಿ ಉಳಿದದ್ದೆಲ್ಲ ಹೇಗೋ ಗೊತ್ತಿಲ್ಲ, ಇದೊಂದು ಖಾತ್ರಿ: ಗೆದ್ದ ತಂಡದ ಕೋಚ್ ಎಂಬಲ್ಲಿ ಇರುವುದು ಮಾವನ ಸಹಿ.