ಶೈಲಾಳ ಸಂದೇಶಕ್ಕೆ ನಾನೊತ್ತಿದ ಹೆಬ್ಬೆಟ್ಟು

ಬೇರೆಯವರಿಗೆ ಬುದ್ಧಿ ಹೇಳಿ ಸಂಬಳ ತೆಗೆದುಕೊಳ್ಳುವವರಿಗೆ ಒಂದು ಕಷ್ಟವಿದೆ. ಯಾವಾಗಲಾದರೊಮ್ಮೆ ಆ ಬುದ್ಧಿಯನ್ನು ತಾವೇ ಪಾಲಿಸಿಬಿಡುತ್ತಾರೆ. ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ, ಕಚೇರಿಯ ತಂತ್ರಜ್ಞಾನ ಬಳಸಿ ಚೆನ್ನಾಗಿ ಸಂವಹನ ಮಾಡುವುದು ಹೇಗೆ ಎಂದು ಹೊಸಬರಿಗೆ ಕಲಿಸುವುದು ನನ್ನ ಕೆಲಸ. ನನ್ನ ಮೊದಲ ಸೂತ್ರ: ಯಾವ ಸಂದೇಶವನ್ನೂ ಉತ್ತರವಿಲ್ಲದೆ ಬಿಡಬೇಡಿ, ಕನಿಷ್ಠ ಒಂದು ಹೆಬ್ಬೆಟ್ಟಾದರೂ ಒತ್ತಿ. ನಮ್ಮ ಅಜ್ಜಿ ಓದು ಬರದೆ ಹೆಬ್ಬೆಟ್ಟು ಒತ್ತುತ್ತಿದ್ದಳು, ಎಂ.ಎ. ಮಾಡಿದ ನಾನು ದಿನಕ್ಕೆ ಐವತ್ತು ಸಲ ಒತ್ತುತ್ತೇನೆ.

ಆ ಸೋಮವಾರ ಕಚೇರಿಗೆ ಹೋಗುವ ಕ್ಯಾಬಿನಲ್ಲಿ ಕೂತು, ಕನ್ನಡಕ ಚೀಲದಿಂದ ತೆಗೆಯಲು ಬೇಸರಪಟ್ಟು, ಬಂದಿದ್ದ ಏಳೂ ಸಂದೇಶಗಳಿಗೆ ಸಾಲಾಗಿ ಹೆಬ್ಬೆಟ್ಟು ಒತ್ತಿದೆ. ಕಚೇರಿ ತಲುಪಿ ಕನ್ನಡಕ ಹಾಕಿಕೊಂಡ ಮೇಲೆ, ಅವುಗಳಲ್ಲಿ ಒಂದು ನನ್ನ ಪಕ್ಕದ ಮೇಜಿನ ಶೈಲಾಳದು ಎಂದು ಗೊತ್ತಾಯಿತು. 'ಅಪ್ಪ ತಲಿ ತಿರುಗಿ ಬಿದ್ದಾರ. ಸಿಕಂದರಾಬಾದ್‌ನಾಗ ಸ್ಟೇಶನ್ ಎದುರಿನ ಆಸ್ಪತ್ರೆಗೆ ಸೇರಿಸೀನಿ. ಇವತ್ತು ಬರಾಕ ಆಗೂದಿಲ್ರಿ.' ಅದರ ಕೆಳಗೆ ನನ್ನ ಹೆಬ್ಬೆಟ್ಟು, ಭೇಷ್ ಎನ್ನುವಂತೆ.

ಅವಸರದಲ್ಲಿ ಅದನ್ನು ತೆಗೆದು ದುಃಖದ ಮುಖ ಹಾಕಲು ಹೋದರೆ ಕಣ್ಣೀರು ಬರುವಷ್ಟು ನಗುವ ಮುಖ ಬಂದು ಕೂತಿತು. ಗಾಬರಿಯಿಂದ ಕೈಮುಗಿಯುವ ಚಿತ್ರಕ್ಕೆ ಬದಲಿಸಿದೆ. ಒಂದು ಕ್ಷಣ ನೆಮ್ಮದಿ. ಆಮೇಲೆ ಹೊಳೆಯಿತು: ಸತ್ತವರಿಗೂ ನಾವು ಹಾಗೇ ಕೈಮುಗಿಯುತ್ತೇವೆ. ಅದನ್ನೂ ಅಳಿಸಿದೆ. ಅಷ್ಟರಲ್ಲಿ ಶೈಲಾ ಆನ್‌ಲೈನ್ ಎಂದು ಮೇಲೆ ತೋರಿಸುತ್ತಿತ್ತು: ಎಲ್ಲವನ್ನೂ ನೋಡಿಬಿಟ್ಟಿದ್ದಾಳೆ.

ಎದುರು ಕೂರುವ ರವಿ ಸಮಾಧಾನ ಹೇಳಿದ. "ಏಂ ಕಾದು ಮೇಡಂ. ಏನೂ ಆಗೋದಿಲ್ಲ. ಸುಮ್ಮನೆ 'ಸಾರಿ' ಅಂತ ಬರೆದುಬಿಡಿ."

ಬರೆದೆ. ತೀರಾ ಒಣಗಿದಂತೆ ಕಂಡಿತು, ಅಳಿಸಿದೆ. ಉದ್ದ ಮಾಡಿದೆ, ರಜೆ ಅರ್ಜಿಯಂತಾಯಿತು. ಹನ್ನೊಂದಕ್ಕೆ ಹೊಸಬರ ಮುಂದೆ ನಿಂತು ಮೊದಲ ಸೂತ್ರ ಓದುವಾಗ ಹೆಬ್ಬೆಟ್ಟು ಎಂಬಲ್ಲಿ ತಡವರಿಸಿದೆ. ಒಬ್ಬಳು ನೀರು ತಂದುಕೊಟ್ಟಳು. ಶೈಲಾ ನನ್ನ ಜೊತೆ ಆರು ವರ್ಷ ಡಬ್ಬಿ ಹಂಚಿಕೊಂಡು ಉಂಡವಳು. ತಾಯಿಯಿಲ್ಲದ ಆಕೆಗೆ ಇರುವುದು ಆ ಅಪ್ಪ ಒಬ್ಬರೇ. ಊಟದ ಹೊತ್ತಿಗೆ ತಡೆಯಲಾಗಲಿಲ್ಲ. ಅರ್ಧ ದಿನ ರಜೆ ಹಾಕಿ ಸಿಕಂದರಾಬಾದಿಗೆ ಹೊರಟೆ. ದಾರಿಯುದ್ದಕ್ಕೂ, ಪ್ರತಿ ಸಿಗ್ನಲ್ಲಿನಲ್ಲೂ, ಕ್ಷಮಾಪಣೆಯನ್ನು ಬರೆಯುತ್ತ ಅಳಿಸುತ್ತ ಹೋದೆ. ಒಂದು ಸಲ ಆ ಕಡೆಯಿಂದ ಶೈಲಾ ಏನೋ ಬರೆಯುತ್ತಿದ್ದಾಳೆ ಎಂದು ತೋರಿಸಿ ನಿಂತುಹೋಯಿತು. ಏನು ಬರೆಯಲು ಹೋಗಿ ಬಿಟ್ಟಳೋ ಎಂದು ಮುಂದಿನ ಸಿಗ್ನಲ್ಲಿನವರೆಗೂ ಪರದೆಯನ್ನೇ ನೋಡುತ್ತ ಕೂತೆ.

ವಾರ್ಡಿನಲ್ಲಿ ಶೈಲಾಳ ಅಪ್ಪ ದಿಂಬಿಗೊರಗಿ ಕೂತಿದ್ದರು. ನಾನು ಬಾಗಿಲಲ್ಲೇ ತಪ್ಪೊಪ್ಪಿಕೊಳ್ಳತೊಡಗಿದೆ. ಶೈಲಾ ಕಣ್ಣರಳಿಸಿ, "ಯಾವ ಹೆಬ್ಬೆಟ್ರಿ? ನಾ ನೋಡೇ ಇಲ್ಲ. ಮುಂಜಾನಿಂದ ಫೋನ್ ಅಪ್ಪನ ಕೈಯಾಗ ಐತಿ," ಎಂದಳು.

ಅಂದರೆ ನೋಡಿದವರು ರೋಗಿಯೇ.

"ಹೆಬ್ಬೆಟ್ಟು ಬಂತು, ಧೈರ್ಯ ಹೇಳಾಕತ್ತಾರ ಅನಕೊಂಡೆ," ಎಂದರು ಅವರು. "ನಗೂ ಮಾರಿ ಬಂತು, ಭಾಳ ಗಾಬರಿ ಆಗೂವಂಥಾದ್ದು ಇಲ್ಲ ಅನಕೊಂಡೆ. ಕೈಮುಗದಿದ್ದು ನೋಡಿ ಮಾತ್ರ ಎದಿ ಧಸಕ್ ಅಂತು. ಡಾಕ್ಟರು ನನಗ ಹೇಳಲಾರದ್ದು ನಿಮಗ ಹೇಳ್ಯಾರೇನೋ ಅಂತ ನರ್ಸಮ್ಮನ್ನ ಕರದು ಮತ್ತೊಮ್ಮೆ ಬಿ.ಪಿ. ನೋಡಿಸಿದೆ. ನಿಮ್ಮನ್ನೇ ಕೇಳೂಣು ಅಂತ ಬರಿಯಾಕ ಹೋದೆ, ಅಕ್ಷರ ಸಿಗಲಿಲ್ಲ."

ನಾನು ತಲೆ ತಗ್ಗಿಸಿದೆ. ಬಿ.ಪಿ. ಸರಿಯಾಗಿಯೇ ಇತ್ತಂತೆ; ಮರುದಿನ ಮನೆಗೆ ಕಳಿಸುವವರಿದ್ದರು. ಶೈಲಾ ನನ್ನ ಕೈ ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು.

ಅವಳ ಅಪ್ಪ ನನ್ನನ್ನು ಕನಿಕರದಿಂದ ನೋಡಿದರು. "ಇಷ್ಟಕ್ಕ ಅಷ್ಟು ದೂರದಿಂದ ಯಾಕ ಬಂದ್ರಿ, ತಂಗಿ? ಒಂದು ಫೋನ್ ಮಾಡಿದ್ರ ಮುಗೀತಿತ್ತಲ್ಲ."

ನಾನು ಕೈಯಲ್ಲಿದ್ದುದನ್ನು ನೋಡಿದೆ. ಗಚ್ಚಿಬೌಲಿಯಿಂದ ಅದನ್ನು ಹಿಡಿದುಕೊಂಡೇ ಬಂದಿದ್ದೆ. ಅದರಲ್ಲಿ ಮಾತನ್ನೂ ಆಡಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ.