ಸುಸ್ಥಿರತಾ ಕಚೇರಿಯಲ್ಲಿ ನಾವು ನಾಲ್ಕು ಜನ

ಬೇರೆ ಆಫೀಸುಗಳಲ್ಲಿ ನಗು ಬರುವಂಥದ್ದು ಹಬ್ಬಕ್ಕೋ ಹುಣ್ಣಿಮೆಗೋ ಒಂದು ನಡೆಯಬಹುದು. ನಮ್ಮಲ್ಲಿ ಹಾಗಲ್ಲ. ಸೋಮವಾರ ಒಂದು ನಡೆದು, ಅದಕ್ಕೆ ನಕ್ಕು ಮುಗಿಯುವಷ್ಟರಲ್ಲಿ ಬುಧವಾರದ್ದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ನಂಜನಗೂಡಿಗೂ ನರಸೀಪುರಕ್ಕೂ ನಡುವೆ ನಮ್ಮ ವಿಶ್ವವಿದ್ಯಾನಿಲಯ. ಅದರ ಹಿಂದಿನ ಕಟ್ಟಡದಲ್ಲಿ ‘ಆವರಣ ಸುಸ್ಥಿರತಾ ಕಚೇರಿ’ ಅಂತ ಒಂದು ಕೋಣೆ. ಕ್ಯಾಂಪಸ್ಸಿನಲ್ಲಿ ಕರೆಂಟು, ನೀರು ಪೋಲಾಗದ ಹಾಗೆ, ಕಸ ಕೊಳೆತು ನಾರದ ಹಾಗೆ, ಗಿಡಮರ ಉಳಿಯುವ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಅಲ್ಲಿ ನಾವು ನಾಲ್ಕು ಜನ. ನಿರ್ದೇಶಕರು ಮೂಲತಃ ವಾಣಿಜ್ಯಶಾಸ್ತ್ರದ ಪ್ರೊಫೆಸರು. ಅವರ ವಿಭಾಗದಲ್ಲಿ ಯಾರಿಗೂ ಅವರೊಂದಿಗೆ ಹೊಂದಿಕೆಯಾಗಲಿಲ್ಲ, ಹಾಗಾಗಿ ಭೂಮಿಯನ್ನು ಉಳಿಸಲು ಇಲ್ಲಿಗೆ ಕಳಿಸಿದರು. ಸಂಯೋಜಕಿ ಮೇಡಂ ಮೈಸೂರಿನಿಂದ ಒಬ್ಬರೇ ಕಾರಿನಲ್ಲಿ ಬರುತ್ತಾರೆ, ಕೈಯಲ್ಲಿ ಯಾವಾಗಲೂ ಟ್ಯಾಬು. ಮೂರನೆಯವಳು ಹೆಡತಲೆ ಊರಿನ ಅಕ್ಕ. ಗಿಡ ನೆಡುವುದು, ನೀರು ಹಾಕುವುದು, ಕಸ ಬೇರೆ ಮಾಡುವುದು, ಅಂದರೆ ಕಚೇರಿ ಮಾಡಬೇಕಾದ್ದನ್ನೆಲ್ಲ ಅವಳೇ ಮಾಡುತ್ತಾಳೆ. ನಾಲ್ಕನೆಯವಳು ನಾನು. ಸೋಸಲೆಯಿಂದ ಎರಡು ಬಸ್ಸು ಹತ್ತಿ ಇಳಿದು ಬಂದು, ಅಕ್ಕ ಮಾಡಿದ್ದನ್ನೆಲ್ಲ ಮೊದಲಿನವರಿಬ್ಬರು ಮಾಡಿದರು ಅಂತ ಟೈಪ್ ಮಾಡುತ್ತೇನೆ.

ಬೋರ್ಡು

ಕಚೇರಿಗೆ ಬೋರ್ಡು ಹಾಕಿದ ವಾರದಲ್ಲೇ ತಗಡೂರಿನ ಕಡೆಯ ಯಜಮಾನರೊಬ್ಬರು ಕಂಕುಳಲ್ಲಿ ಒಂದು ಕವರು ಒತ್ತಿಕೊಂಡು ಬಂದರು. ಕವರಿನಲ್ಲಿ ಪಹಣಿ, ಹಳೆಯ ಕ್ರಯಪತ್ರ, ವಂಶವೃಕ್ಷ ಎಲ್ಲ ಇತ್ತು. ಹಿಂದಿನ ದಿನ ಮೊಮ್ಮಗಳನ್ನು ಡಿಗ್ರಿಗೆ ಸೇರಿಸಲು ಬಂದಿದ್ದಾಗ ನಮ್ಮ ಬೋರ್ಡಿನಲ್ಲಿ ‘ಸ್ಥಿರ’ ಅನ್ನುವುದನ್ನು ಕಂಡು, ಇದು ಸ್ಥಿರಾಸ್ತಿ ಆಫೀಸೇ ಇರಬೇಕು ಅಂದುಕೊಂಡಿದ್ದರು.

ತಾನಾಗಿ ನಮ್ಮ ಬಾಗಿಲಿಗೆ ಬಂದ ಮೊದಲ ಮನುಷ್ಯ ಅವರು. ನಿರ್ದೇಶಕರಿಗೆ ಹಿಡಿಸಲಾರದ ಸಂತೋಷ. ಕವರಿನಲ್ಲಿ ಏನಿದೆ ಅಂತಲೂ ಕೇಳದೆ ಕುರ್ಚಿ ಹಾಕಿಸಿದರು, ಪ್ರೊಜೆಕ್ಟರ್ ಹಚ್ಚಿಸಿದರು. ಮುಕ್ಕಾಲು ಗಂಟೆ ಹಿಮಗಡ್ಡೆ, ಕರಡಿ, ಸಮುದ್ರ ಎಲ್ಲ ತೋರಿಸಿದರು. ಯಜಮಾನರು ಕವರನ್ನು ತೊಡೆಯ ಮೇಲಿಟ್ಟುಕೊಂಡು ಭಕ್ತಿಯಿಂದ ನೋಡಿದರು.

ಕೊನೆಗೆ ನಿರ್ದೇಶಕರು ಕೇಳಿದರು. “ಒಟ್ಟಿನಲ್ಲಿ ಸುಸ್ಥಿರತೆ ಅಂದ್ರೆ ಇಷ್ಟೇ ಯಜಮಾನ್ರೇ. ನಮ್ಮ ಕೈಲಿರೋ ಭೂಮೀನ ನಾವು ಅನುಭವಿಸಿ, ಕೆಡಿಸದೆ ಮುಂದಿನವರಿಗೆ ಕೊಟ್ಟು ಹೋಗೋದು. ಅರ್ಥ ಆಯ್ತಾ?”

“ಆಯ್ತು ಸಾ. ನಾ ಕೇಳಕ್ ಬಂದಿರೋದೂ ಅದೇಯ.” ಯಜಮಾನರು ಕವರು ಬಿಚ್ಚಿ ಪಹಣಿ ಮುಂದಿಟ್ಟರು. “ಎರಡೆಕ್ರೆ ಅದೆ. ನಾನು ಅನುಬೌಸಿದ್ದು ಸಾಕು. ಮಗನ ಎಸ್ರಿಗೆ ಮಾಡ್ಕೊಟ್ಬುಡಿ.”

ಮರಕ್ಕೆ ಹೆಸರು

ಕ್ಯಾಂಪಸ್ಸಿನ ಮರಗಳಿಗೆಲ್ಲ ಹೆಸರಿನ ಫಲಕ ಕಟ್ಟಬೇಕು, ಫಲಕದ ಮೇಲಿನ ಚೌಕಕ್ಕೆ ಮೊಬೈಲು ಹಿಡಿದರೆ ಮರದ ಜಾತಕವೇ ಬಿಚ್ಚಿಕೊಳ್ಳಬೇಕು ಅನ್ನುವುದು ಮೇಡಂ ಯೋಜನೆ. ಆ ವಾರ ಅಕ್ಕ ನಾದಿನಿಯ ಮಗಳ ಮದುವೆಗೆ ರಜಾ ಹಾಕಿದ್ದಳು. ಮೇಡಂ ಎಲೆಗಳ ಫೋಟೋ ಹೊಡೆದರು, ಮೊಬೈಲು ಯಾವ ಹೆಸರು ಹೇಳಿತೋ ಅದನ್ನೇ ಅಚ್ಚು ಹಾಕಿಸಿದರು, ನಾಲ್ಕು ದಿನದಲ್ಲಿ ಎಲ್ಲ ಮರಕ್ಕೂ ಕಟ್ಟಿಸಿದರು.

ಅಕ್ಕ ಬಂದವಳು ಗೇಟಿನ ಹತ್ತಿರದ ಫಲಕವನ್ನು ನನ್ನಿಂದ ಓದಿಸಿಕೊಂಡು ನೆಟ್ಟಗೆ ಒಳಗೆ ಹೋದಳು.

“ಮೇಡಂ, ಗೇಟ್ ತಾವಿರೋದು ಒಂಗೆ ಮರ. ಬೇವು ಅಂತ ಆಕ್ಬುಟ್ಟಿದ್ದೀರಿ.”

“ಆ್ಯಪ್ ಬೇವು ಅಂತಲೇ ತೋರಿಸ್ತಲ್ಲಮ್ಮ.”

“ನಾನೇ ನೆಟ್ಟಿದ್ದು ಮೇಡಂ. ನಂಗೊತ್ತಿಲ್ವಾ.”

ಮೇಡಂ ಟ್ಯಾಬಿನಲ್ಲಿ ಬೆರಳಾಡಿಸಿದರು. “ಡೇಟಾ ಆಗಲೇ ಅಪ್‌ಲೋಡ್ ಆಗಿಹೋಗಿದೆ. ಇನ್ನು ಬದಲಾಯಿಸೋಕೆ ಬರಲ್ಲ.”

ಅಕ್ಕನಿಗೆ ರೇಗಿತ್ತು. ಆದರೂ ದನಿ ಏರಿಸಲಿಲ್ಲ. “ಸರಿ ಬುಡಿ. ನಾಳೀಕೆ ಒಂಗೆ ಕಡ್ದು, ಅದೇ ಜಾಗ್ದಲ್ಲಿ ಬೇವು ನೆಟ್ಬುಡ್ತೀನಿ. ಬೋರ್ಡು ಸರಿಯಾಯ್ತದೆ.”

ಮೇಡಂ ಟ್ಯಾಬಿನಿಂದ ತಲೆ ಎತ್ತಲಿಲ್ಲ. “ಕಡಿಯೋ ಹಾಗಿಲ್ಲಮ್ಮ, ಮರಗಳ ಸಂಖ್ಯೆ ಕಮ್ಮಿ ಆಗುತ್ತೆ. ಪಕ್ಕದಲ್ಲಿ ನೆಡಿ.”

ಯಾರೂ ಇಲ್ಲದ ಸಭೆ

ಸಭಾಂಗಣಕ್ಕೆ ಹೊಸ ಲೈಟುಗಳು ಬಂದವು. ಕೂತ ಜಾಗದಲ್ಲಿ ಯಾರಾದರೂ ಅಲ್ಲಾಡುತ್ತಿದ್ದರೆ ಉರಿಯುತ್ತವೆ, ಯಾರೂ ಅಲ್ಲಾಡದಿದ್ದರೆ ತಾವೇ ಆರಿಹೋಗುತ್ತವೆ. ಫ್ಯಾನುಗಳೂ ಹಾಗೇ. ಅದರ ಉದ್ಘಾಟನೆಗೆ ವಿದ್ಯುತ್ ಉಳಿತಾಯದ ಬಗ್ಗೆ ನಿರ್ದೇಶಕರದೇ ಭಾಷಣ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಹಾಕಿಸಿ, ಆಮೇಲೆ ಎಲ್ಲ ವಿಭಾಗದವರನ್ನೂ ಕರೆತಂದು ಕೂರಿಸಿದ್ದರು.

ಹತ್ತು ನಿಮಿಷಕ್ಕೆ ಲೈಟು ಆರಿತು. ಮೇಡಂ ಮೈಕಿನಲ್ಲಿ, “ಎಲ್ಲರೂ ಒಮ್ಮೆ ಕೈ ಎತ್ತಿ,” ಅಂದರು. ಮುಂದಿನ ಸಾಲಿನವರು ಎತ್ತಿದರು, ಹತ್ತಿಕೊಂಡಿತು. ಮತ್ತೆ ಹತ್ತು ನಿಮಿಷಕ್ಕೆ ಆರಿತು. ಮೂರನೆಯ ಸಲ ಮೇಡಂ ಅಕ್ಕನನ್ನು ನಡುವಿನ ದಾರಿಯಲ್ಲಿ ನಿಲ್ಲಿಸಿದರು. ಅಕ್ಕ ಜೋಳದ ಹೊಲದಲ್ಲಿ ಗಿಳಿ ಓಡಿಸುವವಳ ಹಾಗೆ ಟವೆಲು ಬೀಸುತ್ತ ಹಿಂದೆ ಮುಂದೆ ಓಡಾಡಿದಳು. ವಿದ್ಯುತ್ ಉಳಿತಾಯದ ಭಾಷಣ ಹಾಗೆ ಸಾಂಗವಾಗಿ ಮುಗಿಯಿತು.

ನಿರ್ದೇಶಕರಿಗೆ ಅವಮಾನವಾಗಿತ್ತು. ಮರುದಿನವೇ ನರಸೀಪುರದಿಂದ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. “ಹಾಲ್ ತುಂಬ ಜನ ಕೂತಿದ್ರು ಕಣಯ್ಯ. ಒಬ್ಬರೂ ಇಲ್ಲ ಅಂತ ಆರಿಸುತ್ತಲ್ಲ, ಎಂಥ ಮಾಲು ಇದು?”

ಅವನು ಏಣಿ ಹತ್ತಿ ಒಂದೊಂದನ್ನೂ ಬಿಚ್ಚಿ ನೋಡಿ ಇಳಿದು ಬಂದ. “ಮಾಲು ಸರಿಯಾಗೇ ಅದೆ ಸಾ. ಎಚ್ಚರ ಇರೋರ್ ಮಾತ್ರ ಅದರ ಲೆಕ್ಕಕ್ಕೆ ಬರೋದು.”

ಇಂಗಾಲದ ಹೆಜ್ಜೆ

ಒಬ್ಬೊಬ್ಬ ಮನುಷ್ಯನೂ ವರ್ಷಕ್ಕೆ ಎಷ್ಟು ಹೊಗೆ ಬಿಡುತ್ತಾನೆ ಅಂತ ಅಳೆಯಬಹುದಂತೆ. ಮೇಡಂ ಮೊದಲು ನಮ್ಮ ಕಚೇರಿಯಿಂದಲೇ ಶುರು ಮಾಡಿದರು. ಅಕ್ಕನ ಫಾರಂ ನಾನು ತುಂಬಿದೆ. ಕೆಲಸಕ್ಕೆ ಬರುವುದು ಹೇಗೆ? “ಬಸ್ಸು. ಬಸ್ ಬರ್ನಿಲ್ಲ ಅಂದ್ರೆ ನಡ್ಗೆ.” ಮನೆಯಲ್ಲಿ ಎಸಿ ಇದೆಯೇ? “ಉಣಸೆ ಮರ ಅದೆ.” ವಿಮಾನ ಪ್ರಯಾಣ? “ಕತ್ತೆತ್ತಿ ನೋಡಿವ್ನಿ, ಅಷ್ಟೇ ಅಂತ ಬರ್ಕೊ.”

ನಾಲ್ವರದ್ದೂ ಸೇರಿಸಿ ಮೇಡಂ ಬಣ್ಣದ ಕಂಬಗಳ ಚಿತ್ರ ಮಾಡಿದರು. ಅಕ್ಕನದು ಇರುವೆಯಷ್ಟು. ನನ್ನದು ಎರಡು ಇರುವೆಯಷ್ಟು. ಮೇಡಂದು ಒಂದು ಗೇಣು. ನಿರ್ದೇಶಕರದು ಹಾಳೆ ದಾಟಿ ಮೇಲೆ ಹೋಗಿತ್ತು, ನಾನು ಇನ್ನೊಂದು ಹಾಳೆ ಅಂಟಿಸಬೇಕಾಯಿತು. ಹೊಗೆ ಕಡಿಮೆ ಮಾಡುವುದು ಹೇಗೆ ಅಂತ ಮಾತಾಡಲು ಆ ವರ್ಷ ಅವರು ಮೂರು ದೇಶಕ್ಕೆ ವಿಮಾನದಲ್ಲಿ ಹೋಗಿ ಬಂದಿದ್ದರು.

ನಿರ್ದೇಶಕರ ಮುಖ ಸಣ್ಣದಾಯಿತು. ಮೇಡಂ ಸಮಾಧಾನ ಮಾಡಿದರು. “ಸರ್, ಇದನ್ನ ಸರಿದೂಗಿಸಬಹುದು. ಇಷ್ಟು ಹೊಗೆಗೆ ಇಷ್ಟು ಗಿಡ ಅಂತ ನೆಟ್ಟುಬಿಟ್ರೆ ಆಯ್ತು.”

“ನೆಟ್ಟುಬಿಡೋಣ,” ಅಂದರು ನಿರ್ದೇಶಕರು. ನೆಟ್ಟುಬಿಡೋಣ ಅಂದರೆ ಅಕ್ಕ ನೆಡುವುದು.

ಅದು ಶಿವರಾತ್ರಿ ಕಳೆದ ಬಿಸಿಲು. ಹಿಂಬದಿಯ ನೆಲ ಹಾರೆ ಹಾಕಿದರೆ ಕಿಡಿ ಹಾರುವ ಹಾಗಿತ್ತು. ಎರಡು ದಿನ ಗುಂಡಿ ತೋಡಿ ಅಕ್ಕನ ಅಂಗೈ ಬೊಬ್ಬೆ ಎದ್ದಿತು. ನನಗೆ ನೋಡಲಾಗಲಿಲ್ಲ. ನೀರು ತೆಗೆದುಕೊಂಡು ಹೋಗಿ ಕೊಟ್ಟು, ಗುಂಡಿ ಯಾಕೆ ಅನ್ನುವುದನ್ನೂ ಹೇಳಿಬಿಟ್ಟೆ. ಅಷ್ಟರಲ್ಲಿ ನಿರ್ದೇಶಕರು ಟೋಪಿ ಹಾಕಿಕೊಂಡು ಫೋಟೋಗೆ ಬಂದರು.

“ಸಾ, ಒಂದ್ ಮಾತ್ ಕೇಳ್ಲಾ? ನೀವು ಮ್ಯಾಲೆ ಆರಾಡಿದ್ಕೆ ನಾನು ಕೆಳಗೆ ಗುಂಡಿ ತೋಡ್ತಿರೋದಾ?”

“ಹಾಗಲ್ಲಮ್ಮ. ಇದೆಲ್ಲ ಭೂಮಿತಾಯಿಗೋಸ್ಕರ.”

“ಆಗ್ಲಿ ಬುಡಿ.” ಅಕ್ಕ ಹಾರೆ ಎತ್ತಿಕೊಂಡಳು. “ಇನ್ಮುಂದಕ್ಕೆ ಮಳೆಗಾಲ್ದಲ್ಲೇ ಆರಾಡಿ ಸಾ. ನೆಲ ಮೆತ್ಗಿರ್ತದೆ.”

ಗೊಬ್ಬರ

ಹೋದ ವರ್ಷ ಮೇಲಿನವರಿಂದ ಒಂದು ಮಾತು ಬಂತು. ಹಸಿರು ಕ್ಯಾಂಪಸ್ ತಪಾಸಣೆಗೆ ಹೊರಗಿನ ಸಮಿತಿ ಬರುತ್ತದೆ, ಒಳ್ಳೆಯ ಗ್ರೇಡ್ ಬರದಿದ್ದರೆ ಈ ಕಚೇರಿ ಮುಚ್ಚುತ್ತೇವೆ ಅಂತ. ಮುಚ್ಚಿದರೆ ನಿರ್ದೇಶಕರು ವಾಣಿಜ್ಯಶಾಸ್ತ್ರಕ್ಕೆ ವಾಪಸು ಹೋಗುತ್ತಾರೆ, ಮೇಡಂ ಬೇರೆ ಕಡೆ ನೋಡಿಕೊಳ್ಳುತ್ತಾರೆ. ಅಕ್ಕ, ನಾನು ಗುತ್ತಿಗೆಯವರು, ಮನೆಗೆ. ನನ್ನ ಮಗಳು ಆಗ ಎಸ್ಸೆಸ್ಸೆಲ್ಸಿ. ಆ ವಾರ ನನಗೆ ಊಟ ಸೇರಲಿಲ್ಲ.

ಸಮಿತಿಯವರು ಮುಖ್ಯವಾಗಿ ನೋಡಬೇಕೆಂದಿದ್ದು ನಮ್ಮ ಗೊಬ್ಬರದ ಮೆಷಿನ್ನು. ಬೀರುವಿನಷ್ಟು ದೊಡ್ಡದು. ಮೇಲೆ ಕ್ಯಾಂಟೀನಿನ ಮುಸುರೆ ಹಾಕಿದರೆ ಏಳು ದಿನಕ್ಕೆ ಕೆಳಗೆ ಗೊಬ್ಬರ ಬೀಳುತ್ತದೆ ಅಂತ ತಂದಿದ್ದರು. ಉದ್ಘಾಟನೆಯಾದ ನಾಲ್ಕನೇ ದಿನ ಮುಸುರೆಯ ಜೊತೆ ಒಂದು ಸ್ಟೀಲ್ ಸೌಟು ಒಳಗೆ ಹೋಗಿ ಮೆಷಿನ್ನು ನಿಂತಿತು. ವರದಿಯಲ್ಲಿ ಮಾತ್ರ ಅದು ಒಂದು ದಿನವೂ ನಿಂತಿರಲಿಲ್ಲ.

ತಪಾಸಣೆಯ ಹಿಂದಿನ ದಿನ ನಿರ್ದೇಶಕರು ಅಕ್ಕನನ್ನು ಕರೆದು ಬಾಗಿಲು ಮುಂದೆ ಮಾಡಿಕೊಂಡರು. “ಎಲ್ಲಾದ್ರೂ ಒಂದಿಷ್ಟು ಗೊಬ್ಬರ ಸಿಗುತ್ತೇನಮ್ಮ?”

ಅಕ್ಕನ ಮೈದುನ ಹೆಡತಲೆಯಿಂದ ಐದು ಚೀಲ ತಿಪ್ಪೆಗೊಬ್ಬರ ಟೆಂಪೋದಲ್ಲಿ ತಂದು ಇಳಿಸಿದ. ಯಾಕೆ ಅಂತ ಅವನಿಗೆ ಯಾರೂ ಹೇಳಲಿಲ್ಲ. ಅಕ್ಕ, ನಾನು ಜರಡಿ ಹಿಡಿದು ಮೇಲಿನಿಂದ ಮೆಷಿನ್ನಿನ ಹೊಟ್ಟೆಗೆ ತುಂಬಿಸಿದೆವು. ಅವನೂ ನಿಂತು ನೋಡಿದ.

ಮರುದಿನ ಸಮಿತಿ ಬಂತು. ಅಧ್ಯಕ್ಷರು ಉತ್ತರದ ಕಡೆಯವರು, ಕನ್ನಡ ಬಾರದು. ಮೆಷಿನ್ನಿನ ಕೆಳಗಿನ ಬಾಗಿಲು ತೆಗೆದು ಒಂದು ಹಿಡಿ ಗೊಬ್ಬರ ಎತ್ತಿ ಮೂಸಿದರು, ಬೆರಳಲ್ಲಿ ಉಜ್ಜಿದರು. “ಇಂಥ ಗೊಬ್ಬರ ಯಾವ ಕ್ಯಾಂಪಸ್ಸಿನಲ್ಲೂ ನೋಡಿಲ್ಲ. ಏಳೇ ದಿನದಲ್ಲಾ?” ಅಂತ ಇಂಗ್ಲಿಷಿನಲ್ಲಿ ಕೇಳಿದರು.

“ಕೆಲವು ಸಲ ಆರು,” ಅಂದರು ನಿರ್ದೇಶಕರು.

ಆಗ ಅಕ್ಕನ ಮೈದುನ ಬಂದು ನಿಂತ. ನಿನ್ನೆ ಬಿಟ್ಟು ಹೋಗಿದ್ದ ಐದು ಖಾಲಿ ಚೀಲ ಮೆಷಿನ್ನಿನ ಹಿಂದೆ ಇದ್ದವು. ಅವನ್ನು ಎತ್ತಿಕೊಳ್ಳಲು ಬಂದಿದ್ದ. ಎತ್ತಿಕೊಂಡೂ ಬಿಟ್ಟ. ನಿರ್ದೇಶಕರ ಮುಖದಲ್ಲಿ ರಕ್ತವಿರಲಿಲ್ಲ. ಮುಗಿಯಿತು, ನಾಳೆಯಿಂದ ಬಸ್ಸು ಹತ್ತುವ ಕೆಲಸವಿಲ್ಲ ಅಂದುಕೊಂಡೆ.

“ಯಾರು ಇವರು?” ಅಂದರು ಅಧ್ಯಕ್ಷರು.

ಮೇಡಂ ಹೆಂಗಸೇ ಹೆಂಗಸು. “ಸುತ್ತಲಿನ ಊರಿನ ರೈತರು ಸರ್. ನಮ್ಮ ಗೊಬ್ಬರ ಒಯ್ಯೋಕೆ ಚೀಲ ತಂದಿದ್ದಾರೆ.”

ಅಧ್ಯಕ್ಷರಿಗೆ ಕಣ್ಣು ತುಂಬಿ ಬಂತು. ತಾವೇ ಸಲಿಕೆ ಹಿಡಿದು ಐದೂ ಚೀಲ ತುಂಬಿಸಿ, ಅವನ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡರು. ಅವನು ಗಾಬರಿಯಾಗಿ ಅಕ್ಕನನ್ನು ಕೇಳಿದ. “ಯಾಕತ್ಗೆ ವಾಪಸ್ ಕೊಡ್ತಾವ್ರೆ? ಚೆನ್ನಾಗಿರ್ನಿಲ್ವಾ?”

“ಸುಮ್ಕೆ ಇಸ್ಕೊಳ್ಳಾ,” ಅಂದಳು ಅಕ್ಕ, ಅವನ ಕಾಲು ತುಳಿದು.

ಗ್ರೇಡ್ ಬಂದದ್ದು, ಕಚೇರಿ ಉಳಿದದ್ದು, ಅಕ್ಕನ ಮತ್ತು ನನ್ನ ಗುತ್ತಿಗೆ ಮುಂದುವರಿದದ್ದು ಆಮೇಲೆ ನಡೆದ ಮಾತಿನಿಂದ. ಅಧ್ಯಕ್ಷರಿಗೆ ರೈತನ ಅಭಿಪ್ರಾಯವೇ ಬೇಕಾಯಿತು. ಮೆಷಿನ್ನಿನ ಬಗ್ಗೆ ಕೇಳಿ ಹೇಳಿ ಅಂತ ನಿರ್ದೇಶಕರಿಗೆ ಅಂದರು. ನಿರ್ದೇಶಕರು ಬೆವರು ಒರೆಸಿಕೊಳ್ಳುತ್ತ ಕೇಳಿದರು.

ಅವನು ಮೆಷಿನ್ನನ್ನು ಮೇಲಿಂದ ಕೆಳಗೆ ನೋಡಿದ. ಕೈಯಲ್ಲಿದ್ದ ಚೀಲ ನೋಡಿದ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ.

“ಒಳ್ಳೆ ಮೆಷಿನ್ನೇ ಸಾ. ಮ್ಯಾಲೆ ಗೊಬ್ರ ಆಕುದ್ರೆ, ಕೆಳಗೆ ಗೊಬ್ರನೇ ಬತ್ತದೆ.”

“ಏನಂತಾರೆ?” ಅಂದರು ಅಧ್ಯಕ್ಷರು, ಪೆನ್ನು ಹಿಡಿದು.

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. “ಒಳಗೆ ಹಾಕಿದ್ದು ಒಂದು ಚೂರೂ ವ್ಯರ್ಥ ಆಗಲ್ಲ ಅಂತಾರೆ ಸರ್.”